ಕುರ್ಚಿ ಉಬ್ಬಬಾರದು: ಎರಡು ಹಳೇ ತೇಗದ ಕುರ್ಚಿಗಳಿಗೆ ಹೊಸ ಸೀಟು

ಕೆಲಸ ಇಷ್ಟು. 1960ರ ದಶಕದ ಎರಡು ತೇಗದ ಕುರ್ಚಿ. ಒಂದರ ಹಿಂದಿನ ಕಾಲು ಅಲ್ಲಾಡುತ್ತಿತ್ತು. ಎರಡರ ಸೀಟೂ ಕುಸಿದಿತ್ತು. ಐದು ಸಾವಿರದೊಳಗೆ ಮುಗಿಸಬೇಕು ಅಂತ ಶುರು ಮಾಡಿದೆ. ಮುಗಿಯಲಿಲ್ಲ, ಆದರೆ ಬಹಳ ಮೀರಲೂ ಇಲ್ಲ. ಲೆಕ್ಕ ಕೆಳಗಿದೆ.

1. ಕುರ್ಚಿ ಯಾವುದು

ದೊಡ್ಡಪ್ಪನ ಮನೆಯದು. ಬೆಂಗಳೂರಿನ ಎಚ್‌ಎಂಟಿಯಲ್ಲಿ ಕೈಗಡಿಯಾರದ ಕಾರ್ಖಾನೆ 1961ರಲ್ಲಿ ಶುರುವಾಯಿತು. ದೊಡ್ಡಪ್ಪ ಮರುವರ್ಷ ಅಲ್ಲಿಗೆ ಸೇರಿದರು. ಮದುವೆಯಾದ ಮೇಲೆ ಜಾಲಹಳ್ಳಿ ಕಡೆಯ ಒಬ್ಬ ಆಚಾರ್ರ ಕೈಲಿ ಮಾಡಿಸಿದ ಜೋಡಿ ಇದು. ಈಗ ಆ ಮನೆ ಬಿಲ್ಡರ್‌ಗೆ ಹೋಗಿದೆ. ಕುರ್ಚಿ ಗುಜರಿಗೆ ಹೋಗುವುದರಲ್ಲಿತ್ತು.

ನಮೂನೆ ನಿಮಗೆ ಗೊತ್ತಿರುತ್ತದೆ. ಕೆಳಗೆ ಹೋಗುತ್ತಾ ಸಣ್ಣಗಾಗುವ ಕಾಲು, ಸ್ವಲ್ಪ ಓರೆಯಾಗಿ ನಿಂತಿರುತ್ತದೆ. ಕೈ ಅಗಲ, ತುದಿ ದುಂಡಗೆ. ಬೆನ್ನಿಗೆ ಅಡ್ಡ ರೀಪುಗಳು. ಸೀಟು ಹಿಂದಕ್ಕೆ ವಾಲಿದೆ. ಸೀಟಿಗೊಂದು, ಬೆನ್ನಿಗೊಂದು ಬಿಡಿ ದಿಂಬು. ಈಗ ಅಂಗಡಿಗಳಲ್ಲಿ ಇದಕ್ಕೆ ಮಿಡ್ ಸೆಂಚುರಿ (ಕಳೆದ ಶತಮಾನದ ನಡುವಿನ ಶೈಲಿ) ಅಂತ ಚೀಟಿ ಅಂಟಿಸುತ್ತಾರೆ, ಬೆಲೆಗೆ ಒಂದು ಸೊನ್ನೆ ಸೇರುತ್ತದೆ. 1950ರ ದಶಕದಲ್ಲಿ ವಾಸ್ತುಶಿಲ್ಪಿ ಪಿಯೆರ್ ಜಾನರೆ ಚಂಡೀಗಢದ ಸರ್ಕಾರಿ ಕಟ್ಟಡಗಳಿಗೆ ಮಾಡಿಸಿದ ತೇಗ ಮತ್ತು ಬೆತ್ತದ ಕುರ್ಚಿಗಳು ವಿದೇಶದ ಹರಾಜಿನಲ್ಲಿ ಲಕ್ಷಗಟ್ಟಲೆಗೆ ಹೋದವಲ್ಲ, ಆಮೇಲೆ ಹಳೇ ತೇಗ ಅಂದರೆ ಎಲ್ಲರೂ ಕಿವಿ ನೆಟ್ಟಗೆ ಮಾಡುತ್ತಾರೆ. ನಮ್ಮದಕ್ಕೆ ಅಂಥ ಹೆಸರೇನೂ ಇಲ್ಲ. ಮರ ಮಾತ್ರ ಅಪ್ಪಟ ತೇಗ.

ಮೊದಲು ಸೋಫಾ ರಿಪೇರಿಯವರನ್ನು ಕೇಳಿದೆ. ಒಂದು ಕುರ್ಚಿಗೆ 6,500 ಅಂದರು. ಬೆಲೆಗಿಂತ ಜಾಸ್ತಿ ಹೆದರಿಕೆಯಾಗಿದ್ದು ಅವರ ಇನ್ನೊಂದು ಮಾತಿಗೆ: "ಐದಿಂಚು ಫೋಮ್ ಹಾಕಿ, ಚೆನ್ನಾಗಿ ಉಬ್ಬಿಸಿ ಕೊಡ್ತೀನಿ ಮೇಡಂ, ಹಳೇದು ಅಂತ ಗೊತ್ತೇ ಆಗಲ್ಲ." ಹಳೇದು ಅಂತ ಗೊತ್ತಾಗಲಿ ಅಂತಲೇ ಅಲ್ವಾ ತಂದಿರೋದು!

ಬಿಚ್ಚುವ ಮೊದಲು ತೆಗೆದುಕೊಂಡ ಅಳತೆ:

ಚೌಕಟ್ಟಿನ ಒಳಗೆ 20 ಇಂಚು ಅಗಲ, 20 ಇಂಚು ಆಳ. ನೆಲದಿಂದ ಮುಂದಿನ ಅಡ್ಡಮರದ ಮೇಲ್ತುದಿಗೆ 14 ಇಂಚು, ಹಿಂದಿನದಕ್ಕೆ 11½. ಕೈಯ ಎತ್ತರ 21½. ಈ ಐದು ಅಂಕಿ ಬರೆದಿಟ್ಟುಕೊಂಡದ್ದು ಆಮೇಲೆ ತುಂಬಾ ಕೆಲಸಕ್ಕೆ ಬಂತು.

2. ಬಿಚ್ಚಿದ್ದು

ಸಾಮಾನು: ಅಗಲ ಬಾಯಿಯ ಹಳೇ ಸ್ಕ್ರೂಡ್ರೈವರ್, ಇಕ್ಕಳ, ಸುತ್ತಿಗೆ, ಮೂಗಿಗೆ ಮಾಸ್ಕ್. ಮಾಸ್ಕ್ ಬಿಡಬೇಡಿ. ಹಳೇ ಫೋಮ್ ಹಳದಿ ಪುಡಿಯಾಗಿರುತ್ತದೆ. ದಿಂಬು ಒಮ್ಮೆ ಕೊಡವಿದರೆ ಬಾಲ್ಕನಿಯೆಲ್ಲ ಅದೇ. ತಿಗಣೆ ಭಯಕ್ಕೆ ದಿಂಬುಗಳನ್ನು ಮನೆಯೊಳಗೆ ತರದೆ ಹೊರಗೇ ಬಿಚ್ಚಿದೆ. ತಿಗಣೆ ಇರಲಿಲ್ಲ. ಗೆದ್ದಲೂ ಇಲ್ಲ, ಪುಣ್ಯ.

ಮೇಲೆ ಮರೂನ್ ರೆಕ್ಸಿನ್. ಅದು ಎಂಬತ್ತರ ದಶಕದಲ್ಲಿ ಯಾರೋ ಹಾಕಿಸಿದ್ದಂತೆ. ಹೊಲಿಗೆ ಬಿಚ್ಚಿದರೆ ಒಳಗೆ ಹಳೇ ಹಸಿರು ಬಟ್ಟೆಯ ಕವರ್ ಹಾಗೇ ಇತ್ತು. ಅದನ್ನು ತೆಗೆಯದೆ ಅದರ ಮೇಲೇ ರೆಕ್ಸಿನ್ ಹೊಲಿದಿದ್ದಾರೆ. ಹಸಿರು ಕವರಿನ ಸೈಡ್ ಪೀಸ್ ಅಳೆದೆ. ಹೊಲಿಗೆಯಿಂದ ಹೊಲಿಗೆಗೆ ಸರಿಯಾಗಿ 3 ಇಂಚು. ರೆಕ್ಸಿನ್‌ನ ಸೈಡ್ ಪೀಸ್ 4½. ಅಂದರೆ ಒಮ್ಮೆ ಆಗಲೇ ಉಬ್ಬಿಸಿಯಾಗಿದೆ. ಆಚಾರ್ರು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ದಪ್ಪ 3 ಇಂಚು.

ಹಸಿರು ಕವರನ್ನು ಎಸೆಯಲಿಲ್ಲ. ಹೊಲಿಗೆ ಬಿಚ್ಚಿ, ಇಸ್ತ್ರಿ ಮಾಡಿ, ಅದನ್ನೇ ಪ್ಯಾಟ್ರನ್ ಮಾಡಿಕೊಂಡೆ. ಹಳೇ ಕವರ್ ಸಿಕ್ಕಿದರೆ ಯಾರೂ ಬಿಸಾಡಬೇಡಿ. ಅದರಷ್ಟು ನಂಬಿಕೆಯ ಅಳತೆ ಟೇಪು ಹಿಡಿದರೂ ಸಿಗುವುದಿಲ್ಲ.

ದಿಂಬಿನ ಕೆಳಗೆ ನವಾರು. ಉದ್ದಕ್ಕೂ ಅಡ್ಡಕ್ಕೂ ಹೆಣೆದು ಮೊಳೆ ಹೊಡೆದಿದ್ದರು. ಕಂದು ಬಣ್ಣಕ್ಕೆ ತಿರುಗಿ ಜೋತುಬಿದ್ದಿತ್ತು. ಮೊಳೆ ತೆಗೆಯುವುದೇ ದೊಡ್ಡ ಕೆಲಸ. ಸ್ಕ್ರೂಡ್ರೈವರ್ ತುದಿಯನ್ನು ಮೊಳೆ ತಲೆಯ ಕೆಳಗೆ ಕೊಟ್ಟು ಮರದ ಎಳೆ ಇರುವ ದಿಕ್ಕಿಗೇ ಮೀಟಬೇಕು. ಅಡ್ಡಕ್ಕೆ ಮೀಟಿದರೆ ಚಕ್ಕೆ ಏಳುತ್ತದೆ. ಒಂದು ಕಡೆ ಎದ್ದೂ ಬಿಟ್ಟಿತು. ದಿಂಬಿನ ಕೆಳಗೆ ಬರುವ ಜಾಗ, ಹಾಗಾಗಿ ಫೆವಿಕಾಲ್ ಹಾಕಿ ಕೂರಿಸಿ ಮುಂದೆ ಹೋದೆ.

ತೆಗೆದ ಮೇಲೆ ಅಡ್ಡಮರದ ತುಂಬಾ ತೂತು. ಹೊಸ ಮೊಳೆ ಅಲ್ಲಿ ಕೂರುವುದಿಲ್ಲ. ಇದಕ್ಕೆ ದುಡ್ಡು ಕೊಟ್ಟು ಏನೂ ತರಬೇಕಿಲ್ಲ. ಉರಿದು ಉಳಿದ ಅಗರಬತ್ತಿ ಕಡ್ಡಿಗಳು ದೇವರ ಮನೆಯಲ್ಲಿ ರಾಶಿ ಇರುತ್ತವೆ. ಅವು ಬಿದಿರಿನವು, ಮೊಳೆ ತೂತಿಗೆ ಅಳತೆ ಮಾಡಿದಷ್ಟು ಸರಿ. ಫೆವಿಕಾಲ್‌ನಲ್ಲಿ ಅದ್ದಿ ತುರುಕಿ, ಒಣಗಿದ ಮೇಲೆ ಬ್ಲೇಡಿನಿಂದ ಸಮ ಮಾಡಿದೆ. ತೂತು ದೊಡ್ಡದಿದ್ದರೆ ಎರಡು ಕಡ್ಡಿ.

3. ಅಲ್ಲಾಡುವ ಕಾಲು

ಬಲಗಡೆ ಕುರ್ಚಿಯ ಹಿಂದಿನ ಎಡಗಾಲು, ಸೀಟಿನ ಪಕ್ಕದ ಮರ ಸೇರುವ ಕಡೆ ಆಡುತ್ತಿತ್ತು. ಆ ಕಾಲದ ಅಂಟು ಸರೇಸು. ಪ್ರಾಣಿಯ ಚರ್ಮದಿಂದ, ಮೂಳೆಯಿಂದ ಮಾಡುವುದು. ಬಿಸಿನೀರು ಬಿದ್ದರೆ ಮೆತ್ತಗಾಗುತ್ತದೆ. ಹಾಗಾಗಿ ಕೀಲು ಬಿಚ್ಚುವುದು ಸುಲಭ ಅಂದುಕೊಂಡು, ಸಿರಿಂಜಿನಲ್ಲಿ ಬಿಸಿನೀರು ತುಂಬಿ ಸಂದಿಗೆ ಬಿಟ್ಟೆ. ಹತ್ತು ನಿಮಿಷ ಬಿಟ್ಟು, ಬಟ್ಟೆ ಸುತ್ತಿದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದೆ. ಸ್ವಲ್ಪ ಜರುಗಿ ನಿಂತುಬಿಟ್ಟಿತು. ಇನ್ನೂ ಜೋರಾಗಿ ತಟ್ಟಿದೆ. ಒಳಗೆಲ್ಲೋ ಚರ್ ಅಂದಿತು.

ಅಲ್ಲಿಗೆ ಕೈ ಬಿಟ್ಟು, ಹಾಳಾದ ಸ್ಪೀಕರ್‌ನ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಕೀಲಿನ ಪಕ್ಕದಲ್ಲಿ ಇಳಿಬಿಟ್ಟೆ. ಒಂದು ಜಾಗದಲ್ಲಿ ಅದು ಮರದ ಕಡೆ ವಾಲಿತು. ಯಾರೋ ಹಿಂದೆ ಕಾಲು ಅಲ್ಲಾಡಿದಾಗ ಅಂಟು ಹಾಕುವ ಬದಲು ಮೊಳೆ ಹೊಡೆದು, ತಲೆಯನ್ನು ಮರದೊಳಗೆ ಇಳಿಸಿ, ಮೇಲೆ ಮೇಣ ತುಂಬಿ ಪಾಲಿಶ್ ಹಚ್ಚಿದ್ದಾರೆ. ಉಗುರಿನಿಂದ ಕೆರೆದಾಗ ಮೇಣ ಕಪ್ಪು ಬಿಲ್ಲೆಯಾಗಿ ಎದ್ದು ಬಂತು. ಕೆಳಗೆ ತುಕ್ಕು ಹಿಡಿದ ತಲೆ. ಸುತ್ತಲಿನ ಮರ ತುಕ್ಕಿಗೆ ನೀಲಿಗಪ್ಪಾಗಿತ್ತು.

ತಲೆ ಹಿಡಿಯಲು ಇಕ್ಕಳಕ್ಕೆ ಜಾಗವಿಲ್ಲ. ಸಣ್ಣ ಡ್ರಿಲ್ ಬಿಟ್ಟಿನಿಂದ ಮೊಳೆಯ ಸುತ್ತ ನಾಲ್ಕು ತೂತು ಕೊರೆದು, ಚೂಪು ಮೂತಿಯ ಇಕ್ಕಳ ಇಳಿಸಿ, ತಿರುಗಿಸುತ್ತಾ ಎಳೆದೆ. ಬಂತು. ಎರಡೂವರೆ ಇಂಚಿನ ಮೊಳೆ! ಆಮೇಲೆ ಕೀಲು ಎರಡೇ ತಟ್ಟಿಗೆ ಬಿಚ್ಚಿಕೊಂಡಿತು. ಒಳಗಿನ ಮರದ ನಾಲಿಗೆಯಲ್ಲಿ ಉದ್ದಕ್ಕೆ ಒಂದು ಬಿರುಕು, ನಾನು ಜೋರಾಗಿ ತಟ್ಟಿದ್ದರ ಫಲ. ಅದಕ್ಕೂ ಅಂಟು ಹಾಕಿ ದಾರ ಸುತ್ತಿ ಒಂದು ರಾತ್ರಿ ಬಿಟ್ಟೆ. ಹಳೇ ಕುರ್ಚಿಯ ಕೀಲು ಬಿಚ್ಚುವ ಮುಂಚೆ ಅಯಸ್ಕಾಂತ ಹಿಡಿಯಿರಿ. ಸುತ್ತಿಗೆ ಆಮೇಲೆ.

ಫೆವಿಕಾಲ್ ಹಳೇ ಸರೇಸಿನ ಮೇಲೆ ಹಿಡಿಯುವುದಿಲ್ಲ. ಬರೀ ಮರ ಕಾಣುವ ತನಕ ಕೆರೆಯಬೇಕು. ಬಿಸಿನೀರಿನ ಬಟ್ಟೆ, ಹಳೇ ಟೂತ್‌ಬ್ರಶ್, ಆಮೇಲೆ ಬ್ಲೇಡು. ಒಂದು ದಿನ ಒಣಗಿಸಿ ಅಂಟು ಹಾಕಿದೆ. ಕ್ಲ್ಯಾಂಪ್ ಕೊಳ್ಳಲಿಲ್ಲ. ಪಂಕ್ಚರ್ ಅಂಗಡಿಯಲ್ಲಿ ಹಳೇ ಸೈಕಲ್ ಟ್ಯೂಬ್ ಕೇಳಿದರೆ ಸುಮ್ನೆ ಕೊಡುತ್ತಾರೆ. ಚೌಕಟ್ಟಿನ ಸುತ್ತ ಎಳೆದೆಳೆದು ಸುತ್ತಿದರೆ ಕ್ಲ್ಯಾಂಪಿಗಿಂತ ಸಮವಾಗಿ ಬಿಗಿಯುತ್ತದೆ. ಅಂಟು ಒಣಗುವ ಮುಂಚೆ ಸೀಟಿನ ಮೂಲೆಯಿಂದ ಮೂಲೆಗೆ ಎರಡು ಕಡೆಯೂ ಅಳೆದೆ. ಕಾಲಿಂಚು ವ್ಯತ್ಯಾಸ ಇತ್ತು, ಅದುಮಿ ಸರಿ ಮಾಡಿದೆ. ಹಾಗೇ ಬಿಟ್ಟಿದ್ದರೆ ಕುರ್ಚಿ ಮೂರು ಕಾಲಿನ ಮೇಲೆ ನಿಲ್ಲುತ್ತಿತ್ತು. 24 ಗಂಟೆ ಮುಟ್ಟಲಿಲ್ಲ.

4. ಪಾಲಿಶ್

ಹಳೇ ಪಾಲಿಶ್ ಯಾವುದು ಅಂತ ತಿಳಿಯಲು ಹತ್ತಿಗೆ ಸ್ಪಿರಿಟ್ ಹಾಕಿ ಕಾಣದ ಕಡೆ ಒರೆಸಿ. ಅಂಟಂಟಾಗಿ ಹತ್ತಿ ಕಂದಾದರೆ ಅದು ಅರಗು. ನಮ್ಮದು ಅರಗು. ಇದು ಒಳ್ಳೇ ಸುದ್ದಿ. ಪೂರ್ತಿ ಕೆರೆದು ತೆಗೆಯಬೇಕಿಲ್ಲ. ಹೊಸ ಅರಗು ಹಳೇ ಅರಗಿನೊಂದಿಗೆ ಕರಗಿ ಸೇರಿಕೊಳ್ಳುತ್ತದೆ.

ಮೊದಲು ಜಿಡ್ಡು ತೆಗೆದೆ. ಕೈಗಳ ತುದಿ ಅರವತ್ತು ವರ್ಷದ ಬೆವರು, ತಲೆ ಎಣ್ಣೆ ಕುಡಿದು ಕರ್ರಗಾಗಿತ್ತು. ಉಗುರುಬೆಚ್ಚಗಿನ ನೀರಿಗೆ ನಾಲ್ಕು ಹನಿ ಪಾತ್ರೆ ತೊಳೆಯುವ ಸೋಪು, ಹಿಂಡಿದ ಬಟ್ಟೆ, ತೀರಾ ಮೊಂಡಾದ ಕಡೆ ನಯವಾದ ಸ್ಟೀಲ್ ವುಲ್. ಪೂರ್ತಿ ಒಣಗಿದ ಮೇಲೆ 220 ನಂಬರ್ ಪಾಲಿಶ್ ಪೇಪರ್, ಮರದ ಎಳೆಯ ಉದ್ದಕ್ಕೆ, ಬರೀ ಕೈಗಳ ಮೇಲೆ.

ಅರಗು 100 ಗ್ರಾಂ, ಸ್ಪಿರಿಟ್ ಅರ್ಧ ಲೀಟರ್. ಗಾಜಿನ ಬಾಟಲಿಯಲ್ಲಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ತೆಳು ಬಟ್ಟೆಯಲ್ಲಿ ಸೋಸಿದೆ. ಹಳೇ ಬನಿಯನ್ ತುಂಡಿನೊಳಗೆ ಹತ್ತಿ ಉಂಡೆ ಇಟ್ಟು ಗಂಟು ಕಟ್ಟಿ, ಅದರಲ್ಲಿ ತೆಳ್ಳಗೆ ಎಳೆಯುತ್ತಾ ಹೋದೆ. ಹತ್ತಿರದಲ್ಲಿ ಒಲೆ, ದೀಪ ಏನೂ ಬೇಡ, ಸ್ಪಿರಿಟ್ ಬೇಗ ಹತ್ತಿಕೊಳ್ಳುತ್ತದೆ.

ಇಲ್ಲಿ ಎಡವಿದ್ದು ಹವಾಮಾನದಲ್ಲಿ. ಆಷಾಢದ ಜಿಟಿಜಿಟಿ ಮಳೆ, ಬಟ್ಟೆಯೇ ಒಣಗದ ದಿನ. ಎರಡನೇ ಕೋಟ್ ಹಾಕಿ ಒಳಗೆ ಬಂದೆ. ಹೋಗಿ ನೋಡಿದರೆ ಕೈಗಳ ಮೇಲೆ ಬಿಳಿ ಮಂಜು. ಗಾಳಿಯ ತೇವ ಅರಗಿನೊಳಗೆ ಸಿಕ್ಕಿಕೊಂಡರೆ ಹೀಗಾಗುತ್ತದೆ. ಕೆರೆಯಲು ಹೋಗಬೇಡಿ. ಬಿಸಿಲು ಬಂದ ದಿನ ಸ್ಪಿರಿಟ್ ಬರೀ ತೇವವಾಗುವಷ್ಟು ಮುಟ್ಟಿಸಿದ ಗಂಟನ್ನು ಒಮ್ಮೆ ಎಳೆದರೆ ಬಿಳುಪು ಹೋಗುತ್ತದೆ. ಹೋಯಿತು. ಮಿಕ್ಕ ಕೋಟುಗಳನ್ನು ಬಿಸಿಲು ನೋಡಿಕೊಂಡೇ ಹಾಕಿದೆ.

ಮೆಲಮಿನ್ ಪಾಲಿಶ್ ಹೊಡೆಸಿ, ಗಾಜಿನ ಹಾಗೆ ಮಿಂಚುತ್ತೆ ಅಂತ ಹೇಳಿದವರೂ ಇದ್ದರು. ಗಟ್ಟಿ ಇರುತ್ತದೆ, ನಿಜ. ಆದರೆ ಮುಂದೆ ಗೀರು ಬಿದ್ದರೆ ನಾನೇ ಕೂತು ಸರಿ ಮಾಡಲು ಆಗುವುದಿಲ್ಲ. ಅರಗಿನದು ಹಾಗಲ್ಲ. ಬಿಸಿ ಕಾಫಿ ಲೋಟ ಇಟ್ಟರೆ ಗುರುತು ಬೀಳುತ್ತದೆ, ಅಷ್ಟೇ.

5. ನವಾರು, ಆಮೇಲೆ ಎಲಾಸ್ಟಿಕ್

ಮೊದಲು ಹಳೇ ಪದ್ಧತಿಯಲ್ಲೇ ಹೋದೆ. ಮೂರಿಂಚಿನ ಹತ್ತಿ ನವಾರು ತಂದು, ಆದಷ್ಟು ಬಿಗಿಯಾಗಿ ಎಳೆದು ಹೆಣೆದು ಮೊಳೆ ಹೊಡೆದೆ. ತಟ್ಟಿದರೆ ಡಬ್ ಡಬ್ ಅನ್ನುತ್ತಿತ್ತು. ಮೇಲೆ ಒಂದು ದಿಂಬು ಹಾಕಿ ಅಮ್ಮನಿಗೆ ಕೂರಲು ಕೊಟ್ಟೆ. ವಾರ ಕಳೆಯುವುದರೊಳಗೆ ಜೋತುಬಿತ್ತು, ಮುಂದಿನ ಅಡ್ಡಮರ ತೊಡೆಗೆ ಒತ್ತತೊಡಗಿತು.

ನವಾರಿನ ತಪ್ಪಲ್ಲ. ಮಂಚಕ್ಕೆ ಹಾಕಿದ ನವಾರು ಸಡಿಲವಾದರೆ ಕಾಲ ಕಡೆಯಿಂದ ಎಳೆದು ಮತ್ತೆ ಬಿಗಿ ಮಾಡುತ್ತೇವೆ. ಇಲ್ಲಿ ಎರಡೂ ತುದಿಗೆ ಮೊಳೆ ಹೊಡೆದಿದೆ, ಎಳೆಯಲು ತುದಿಯೇ ಇಲ್ಲ. ಮೊದಲ ದಿನ ಎಷ್ಟು ಬಿಗಿಯೋ ಅದೇ ಕೊನೆ.

ಎಲ್ಲ ಕಿತ್ತು, ಜೆ.ಸಿ. ರಸ್ತೆಗೆ ಹೋಗಿ ಸೋಫಾಕ್ಕೆ ಹಾಕುವ ಎಲಾಸ್ಟಿಕ್ ಪಟ್ಟಿ ತಂದೆ. ಎರಡಿಂಚು ಅಗಲ, ಮೀಟರಿಗೆ 40 ರೂಪಾಯಿ, 9 ಮೀಟರ್. ಅಂಗಡಿಯಲ್ಲಿ ಎರಡು ತರ ಇರುತ್ತದೆ. ಕೈಯಲ್ಲಿ ಎಳೆದಾಗ ಸುಲಭವಾಗಿ ಒಂದಕ್ಕೆ ಎರಡಾಗುವುದು ಬೆನ್ನಿಗೆ. ಎಳೆಯಲು ಕಷ್ಟವಾಗುವುದು ಸೀಟಿಗೆ. ಸೀಟಿನದು ಅಂತ ಕೇಳಿ ತನ್ನಿ. ಬೆನ್ನಿಗೆ ಇಲ್ಲಿ ರೀಪು ಇದೆ, ಪಟ್ಟಿ ಬೇಕಿಲ್ಲ.

ಹಾಕಿದ ರೀತಿ ಹೀಗೆ. ಪಟ್ಟಿಗಳು ಎಡದಿಂದ ಬಲಕ್ಕೆ ಮಾತ್ರ, ಹೆಣಿಗೆ ಇಲ್ಲ. ಒಂದು ಕುರ್ಚಿಗೆ 7 ಪಟ್ಟಿ. ಪಟ್ಟಿ ಎರಡಿಂಚು, ನಡುವಿನ ಸಂದು ಒಂದಿಂಚು. 20 ಇಂಚು ಆಳ ಸರಿಯಾಗಿ ತುಂಬುತ್ತದೆ. ಒಂದು ತುದಿಗೆ ಮೂರು ಮೊಳೆ, ಮಡಚಿ ಮೇಲೆ ಇನ್ನೆರಡು. ಆಮೇಲೆ ಪಟ್ಟಿಯನ್ನು ಎಳೆಯದೆ ಚಾಚಿ 18 ಇಂಚಿಗೆ ಪೆನ್ನಿನಿಂದ ಗೆರೆ ಹಾಕಿದೆ. ಆ ಗೆರೆ 20 ಇಂಚು ಆಚೆಯ ಅಂಚಿಗೆ ಬರುವ ತನಕ ಎಳೆದು ಮೊಳೆ ಹೊಡೆದೆ. ಗೆರೆ ಇಲ್ಲದೆ ಕೈ ಅಂದಾಜಿನಲ್ಲಿ ಎಳೆದರೆ ಮೊದಲ ಪಟ್ಟಿ ಒಂದು ಬಿಗಿ, ತೋಳು ಸೋತ ಮೇಲೆ ಏಳನೆಯದು ಇನ್ನೊಂದು ಬಿಗಿ. ಮಡಚುವುದಕ್ಕೂ ಸೇರಿಸಿ ಒಂದು ಪಟ್ಟಿಗೆ 22 ಇಂಚು ಬೇಕಾಗುತ್ತದೆ. ಎಳೆದು ಮೊಳೆ ಹೊಡೆದ ಮೇಲೆ ಕತ್ತರಿಸಿ, ಮುಂಚೆ ಬೇಡ.

ಸ್ಟೇಪ್ಲರ್ ಬಗ್ಗೆ ಒಂದು ಮಾತು. ಕೈಯಲ್ಲಿ ಒತ್ತುವ ಸ್ಟೇಪ್ಲರ್ ಪಕ್ಕದ ಮನೆಯವರದ್ದಿತ್ತು. 10 ಎಂಎಂ ಪಿನ್ ಹಳೇ ತೇಗದೊಳಗೆ ಅರ್ಧ ಹೋಗಿ ಮಡಚಿಕೊಳ್ಳುತ್ತದೆ. ಹೊರಗೆ ಉಳಿದದ್ದನ್ನು ಸುತ್ತಿಗೆಯಲ್ಲಿ ಬಡಿದರೆ ಪಟ್ಟಿ ಹರಿಯುತ್ತದೆ. ಅರ್ಧ ಇಂಚಿನ ಅಗಲ ತಲೆಯ ಮೊಳೆಯೇ ಸರಿ. ಎಸ್.ಜೆ.ಪಿ. ರಸ್ತೆಯಲ್ಲಿ ತೂಕಕ್ಕೆ ಸಿಗುತ್ತದೆ.

ಪಟ್ಟಿ ಹಾಕುವ ಮುಂಚೆ ಅಡ್ಡಮರದ ಒಳಗಿನ ಅಂಚನ್ನು ಪಾಲಿಶ್ ಪೇಪರಿನಿಂದ ದುಂಡಗೆ ಮಾಡಿದೆ. ಚೂಪಾಗಿದ್ದರೆ ಪ್ರತಿ ಸಲ ಕೂತಾಗಲೂ ಪಟ್ಟಿಯನ್ನು ಕೊಯ್ಯುತ್ತಾ ಇರುತ್ತದೆ. ಪಟ್ಟಿಗಳ ಮೇಲೆ ಹಳೇ ಕಂಬಳಿಯ ತುಂಡು ಹಾಸಿ ನಾಲ್ಕು ಮೂಲೆಗೆ ಹೊಲಿಗೆ ಹಾಕಿದೆ. ಇಲ್ಲದಿದ್ದರೆ ಫೋಮ್ ಸಂದುಗಳಲ್ಲಿ ಇಳಿದು ಗೆರೆ ಬೀಳುತ್ತದೆ.

6. ಫೋಮ್

ಬೇಕಿದ್ದದ್ದು 3 ಇಂಚು. ಹಸಿರು ಕವರ್ ಅದನ್ನೇ ಹೇಳಿತ್ತು. ತಂದದ್ದು 4 ಇಂಚು.

ಅಂಗಡಿಯವರು ಹೇಳಿದ್ದು: "ಮೂರಿಂಚು ಹಾಕಿದ್ರೆ ಬೆಂಚ್ ಮೇಲೆ ಕೂತಂಗಿರುತ್ತೆ ಅಕ್ಕಾ. ಎಲ್ಲರೂ ನಾಲ್ಕೇ ಒಯ್ಯೋದು." ದಿನಾ ಇದೇ ಕೆಲಸ ಮಾಡುವವರು ಅಂತ ಒಪ್ಪಿಕೊಂಡೆ. 40 ಡೆನ್ಸಿಟಿ, 20½ ಇಂಚು ಚೌಕ, ಎರಡು ತುಂಡಿಗೆ 1,300 ರೂಪಾಯಿ. ಕವರ್ 20 ಇಂಚು, ಫೋಮ್ ಅರ್ಧ ಇಂಚು ಜಾಸ್ತಿ. ಆಗ ಕವರ್ ಸುಕ್ಕಿಲ್ಲದೆ ತುಂಬಿಕೊಂಡಿರುತ್ತದೆ.

ಮನೆಗೆ ತಂದು ಅಡುಗೆ ತಕ್ಕಡಿಯಲ್ಲಿ ತೂಗಿದೆ. 40 ಡೆನ್ಸಿಟಿ ಅಂದರೆ ಒಂದು ಘನ ಮೀಟರಿಗೆ 40 ಕೆಜಿ. ಉದ್ದ, ಅಗಲ, ದಪ್ಪ ಇಂಚಿನಲ್ಲಿ ಗುಣಿಸಿ, 61,000ದಿಂದ ಭಾಗಿಸಿ, 40ರಿಂದ ಗುಣಿಸಿದರೆ ಇರಬೇಕಾದ ಕೆಜಿ ಸಿಗುತ್ತದೆ. ಈ ತುಂಡಿಗೆ 1 ಕೆಜಿ 100 ಗ್ರಾಂ ಬರಬೇಕು. 32 ಡೆನ್ಸಿಟಿ ಆಗಿದ್ದರೆ ಸುಮಾರು 880 ಗ್ರಾಂ. ತಕ್ಕಡಿ ತೋರಿಸಿದ್ದು 1 ಕೆಜಿ 80. ಮಾಲು ಸರಿ ಇತ್ತು. ಕೈಯಲ್ಲಿ ಒತ್ತಿ ನೋಡಿ ಡೆನ್ಸಿಟಿ ಹೇಳಲು ಆಗುವುದಿಲ್ಲ. ತಕ್ಕಡಿ ಹೇಳುತ್ತದೆ.

ಮಾಲು ಸರಿ, ದಪ್ಪ ತಪ್ಪು. ಕುರ್ಚಿಯ ಮೇಲೆ ಇಟ್ಟು ಎರಡು ಹೆಜ್ಜೆ ಹಿಂದೆ ಬಂದು ನೋಡಿದೆ. ಅಯ್ಯಂಗಾರ್ ಬೇಕರಿಯ ಬನ್ನು ತಂದಿಟ್ಟ ಹಾಗಿತ್ತು. ಈ ಕುರ್ಚಿಯ ಚೆಂದವೆಲ್ಲ ಕೈಗೂ ಸೀಟಿಗೂ ನಡುವೆ ಇರುವ ಖಾಲಿ ಜಾಗದಲ್ಲಿ, ಆಚೆಯ ಗೋಡೆ ಕಾಣುವುದರಲ್ಲಿ ಇದೆ. ಅದು ಅರ್ಧ ಮುಚ್ಚಿಹೋಗಿತ್ತು. ಮುಂದೆ ಸೀಟಿನ ಎತ್ತರ 18 ಇಂಚಾಯಿತು. ಕೈ ಇರುವುದು 21½ರಲ್ಲಿ. ಕೂತರೆ ಮೊಣಕೈ ಊರಲು ಭುಜ ಇಳಿಸಬೇಕು.

ಅಮ್ಮ ಕೂತು ನೋಡಿ, "ಕಾಲು ನೆಲಕ್ಕೇ ತಾಗ್ತಿಲ್ಲ ಕಣೇ. ಇದೇನು ಡೆಂಟಿಸ್ಟ್ ಕುರ್ಚೀನಾ?" ಅಂದರು. ಅಮ್ಮನ ಎತ್ತರ ಐದಡಿಗೆ ಒಂದಿಂಚು ಕಡಿಮೆ. ಸೀಟು ಹಿಂದಕ್ಕೆ ವಾಲಿರುವುದರಿಂದ ಹಿಂದೆ ಸರಿದಷ್ಟೂ ಕಾಲು ಮೇಲೇಳುತ್ತದೆ.

ಕತ್ತರಿಸಿ ತೆಳ್ಳಗೆ ಮಾಡೋಣ ಅಂತ ಹ್ಯಾಕ್ಸಾ ಬ್ಲೇಡ್ ತಂದೆ. ಪಕ್ಕದಿಂದ ಒಂದಿಂಚಿಗೆ ಗೆರೆ ಹಾಕಿ ಎರಡೂ ಕಡೆಯಿಂದ ಕೊಯ್ಯುತ್ತಾ ಬಂದರೆ ಮಧ್ಯದಲ್ಲಿ ಎರಡು ಗೆರೆ ಸೇರುವುದೇ ಇಲ್ಲ. ಒಂದು ಮೂಲೆಯಲ್ಲಿ ಏಣು ಬಿತ್ತು. ಎರಡು ಇಂಚು ಒಳಗೆ ಹೋಗಿದ್ದಾಗಲೇ ನಿಲ್ಲಿಸಿದ್ದು ಒಳ್ಳೇದಾಯಿತು. ಫೋಮ್ ಅಂಗಡಿಗಳಲ್ಲಿ ಸೀಳುವ ಮೆಶಿನ್ ಇರುತ್ತದೆ. ಎರಡೂ ತುಂಡು ತಗೊಂಡು ಹೋಗಿ 3 ಇಂಚು, 1 ಇಂಚು ಅಂತ ಸೀಳಿಸಿದೆ. ನೂರು ರೂಪಾಯಿ. ಏಣು ಬಿದ್ದ ಮೂಲೆ ಒಂದಿಂಚಿನ ಭಾಗಕ್ಕೆ ಹೋಯಿತು.

ಆ ಒಂದಿಂಚಿನ ಹಾಳೆ ಕಸವಲ್ಲ. ಬೆನ್ನಿಗೆ ಬೇಕಿದ್ದದ್ದು 2½ ಇಂಚು. ಒಂದೂವರೆ ಇಂಚಿನ ಮೆತ್ತನೆಯ ಫೋಮ್ ಎರಡು ತುಂಡು, 360 ರೂಪಾಯಿಗೆ ತಂದೆ. ಬೆನ್ನಿನ ಅಳತೆ 20 ಇಂಚು ಅಗಲ, 18 ಎತ್ತರ. ಒಂದಿಂಚಿನ ಗಟ್ಟಿ ಹಾಳೆಯನ್ನು ಅದೇ ಅಳತೆಗೆ ಕತ್ತರಿಸಿ, ಮೂಲೆಯ ಏಣನ್ನೂ ಅಲ್ಲೇ ಕಳೆದು, ಫೋಮ್ ಅಂಟಿನಿಂದ ಮೆತ್ತನೆಯದಕ್ಕೆ ಸೇರಿಸಿದೆ. ಗಟ್ಟಿಯದು ರೀಪಿನ ಕಡೆ, ಮೆತ್ತನೆಯದು ಬೆನ್ನಿನ ಕಡೆ. ರೀಪು ಬೆನ್ನಿಗೆ ಒತ್ತುವುದಿಲ್ಲ. ಇದು ತಾನಾಗಿ ಬಂದ ಲಾಭ. ಬೆನ್ನಿನ ದಿಂಬನ್ನೂ ಉಬ್ಬಿಸಬಾರದು. ಅದು ದಪ್ಪವಾದಷ್ಟೂ ಕೂರುವ ಜಾಗ ಮುಂದಕ್ಕೆ ಬಂದು ಕಡಿಮೆಯಾಗುತ್ತದೆ.

ಮೂರಿಂಚು ಹಾಕಿ ಮತ್ತೆ ಕೂರಿಸಿದೆ. ಅಮ್ಮನ ಪಾದ ಪೂರ್ತಿ ನೆಲಕ್ಕೆ. ಬೆಂಚಿನ ಮೇಲೆ ಕೂತಂತೆಯೂ ಇಲ್ಲ. ಬಗ್ಗುವ ಅರ್ಧ ಕೆಲಸವನ್ನು ಕೆಳಗಿನ ಎಲಾಸ್ಟಿಕ್ ಮಾಡುತ್ತದೆ. ಹಲಗೆಯ ಮೇಲೆ ಇಡುವ ಸೋಫಾಕ್ಕೆ ಅಂಗಡಿಯವರ ಮಾತು ಸರಿ. ಪಟ್ಟಿಯ ಕುರ್ಚಿಗೆ ಅಲ್ಲ. ಯಾವುದರ ಮೇಲೆ ಇಡುತ್ತೀರಿ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

7. ಬಟ್ಟೆ ಮತ್ತು ಹೊಲಿಗೆ

ಚಿಕ್ಕಪೇಟೆ. ಸೋಫಾ ಬಟ್ಟೆಯ ಅಗಲ 54 ಇಂಚು. ಥಾನ್ ಮುಗಿಯಲು ಬಂದಾಗ ಉಳಿಯುವ ಎರಡು ಮೂರು ಮೀಟರ್ ತುಂಡುಗಳನ್ನು ಬೇರೆ ಇಟ್ಟಿರುತ್ತಾರೆ, ಕೇಳಿದರೆ ತೋರಿಸುತ್ತಾರೆ. ಎರಡು ಕುರ್ಚಿಗೆ ಅಷ್ಟೇ ಸಾಕು. ಸಾಸಿವೆ ಬಣ್ಣದ, ಸಣ್ಣ ಏಣು ನೇಯ್ಗೆಯ ದಪ್ಪ ಹತ್ತಿ. ಎರಡೂವರೆ ಮೀಟರ್, ಮೀಟರಿಗೆ 420. ಸೀಟಿನ ಕೆಳಭಾಗ ಯಾರಿಗೂ ಕಾಣುವುದಿಲ್ಲ, ಅದಕ್ಕೆ ಕೋರಾ ಬಟ್ಟೆ ಎರಡು ಮೀಟರ್, 140 ರೂಪಾಯಿ. ಬೆನ್ನಿನ ಹಿಂಭಾಗ ರೀಪಿನ ಸಂದಿಯಲ್ಲಿ ಕಾಣುತ್ತದೆ, ಅಲ್ಲಿ ಕೋರಾ ಬೇಡ.

ಕತ್ತರಿ ಹಾಕುವ ಮುಂಚೆ ಮೂಲೆಯಿಂದ 10 ಇಂಚು ಚೌಕದ ತುಂಡು ತೆಗೆದು ಬಿಸಿನೀರಿನಲ್ಲಿ ಒಗೆದೆ. ಉದ್ದಕ್ಕೆ 9½ ಆಯಿತು. ಆಮೇಲೆ ಇಡೀ ಬಟ್ಟೆಯನ್ನು ನೆನೆಸಿ ಒಣಗಿಸಿ ಇಸ್ತ್ರಿ ಮಾಡಿದ ಮೇಲೇ ಕತ್ತರಿಸಿದ್ದು. ಕೋರಾವನ್ನೂ ಒಗೆಯಿರಿ, ಅದು ಇನ್ನೂ ಜಾಸ್ತಿ ಕುಗ್ಗುತ್ತದೆ.

ಕತ್ತರಿಸುವಾಗ ಒಂದು ಎಡವಟ್ಟು. ಬಟ್ಟೆ ಉಳಿಸಲು ಸೈಡ್ ಪೀಸ್‌ಗಳನ್ನು ಕೆಲವು ಉದ್ದಕ್ಕೆ, ಕೆಲವು ಅಡ್ಡಕ್ಕೆ ಕತ್ತರಿಸಿದೆ. ಏಣು ನೇಯ್ಗೆಯಲ್ಲಿ ಇದು ನಡೆಯುವುದಿಲ್ಲ. ಬೆಳಕು ಬಿದ್ದಾಗ ಎರಡೂ ಬೇರೆ ಬೇರೆ ಸಾಸಿವೆಯಾಗಿ ಕಾಣುತ್ತವೆ. ಅಡ್ಡಕ್ಕೆ ಕತ್ತರಿಸಿದ್ದನ್ನು ಹಿಂಬದಿಗೆ, ಜಿಪ್ ಬರುವ ಕಡೆಗೆ ಹಾಕಿಸಿ ಬಚಾವಾದೆ. ಅಲ್ಲಿಗೆ ಸಾಕಾಗುವಷ್ಟೇ ಇತ್ತು.

ಹೊಲಿಗೆ ನಾನು ಮಾಡಲಿಲ್ಲ. ಮನೆಯ ಮೆಶಿನ್ ನಾಲ್ಕು ಪದರ ದಪ್ಪ ಹತ್ತಿ ಮತ್ತು ಪೈಪಿಂಗ್ ದಾರವನ್ನು (ಅಂಚು ಎದ್ದು ಕಾಣಲು ಬಟ್ಟೆಪಟ್ಟಿಯೊಳಗೆ ಇಟ್ಟು ಹೊಲಿಯುವ ದಾರ) ಒಟ್ಟಿಗೆ ದಾಟುವುದಿಲ್ಲ, ಸೂಜಿ ಮುರಿಯಿತು. ಬ್ಯಾಗು ಹೊಲಿಯುವ ಟೈಲರ್ ಒಬ್ಬರು ದಿಂಬಿಗೆ 200ರಂತೆ ಒಪ್ಪಿದರು. ಕತ್ತರಿಸಿ, ಗುರುತು ಹಾಕಿ, ಗುಂಡುಪಿನ್ ಚುಚ್ಚಿ ಕೊಟ್ಟಿದ್ದರಿಂದ ಆ ರೇಟು. ಪೈಪಿಂಗ್ ಮೇಲಂಚಿಗೆ ಮಾತ್ರ, ಒಟ್ಟು ಸುಮಾರು 8 ಮೀಟರ್. ಅದರ ಪಟ್ಟಿಯನ್ನು ಓರೆಯಾಗಿ ಕತ್ತರಿಸಬೇಕು, ನೇರ ಕತ್ತರಿಸಿದರೆ ಮೂಲೆಯಲ್ಲಿ ಮಡಿಕೆ ಬರುತ್ತದೆ. ಜಿಪ್ ಹಿಂಬದಿಗೆ ಸಾಲದು, ಎರಡೂ ಪಕ್ಕಕ್ಕೆ ಮೂರಿಂಚು ತಿರುಗಿ ಬರಲಿ. ಇಲ್ಲದಿದ್ದರೆ 20½ ಇಂಚಿನ ಫೋಮ್ ತುರುಕುವಾಗ ಹೊಲಿಗೆ ಬಿಡುತ್ತದೆ. ತುರುಕುವ ಮುಂಚೆ ಫೋಮಿಗೆ ತೆಳ್ಳನೆಯ ಪ್ಲಾಸ್ಟಿಕ್ ಕವರ್ ಸುತ್ತಿದರೆ ಜಾರಿಕೊಂಡು ಹೋಗುತ್ತದೆ. ಫೋಮ್ ಒಳಗೆ ಕೂತ ಮೇಲೆ ಪ್ಲಾಸ್ಟಿಕ್ ಎಳೆದುಕೊಂಡರಾಯಿತು. ಟೈಲರ್ ಹೇಳಿಕೊಟ್ಟದ್ದು.

8. ಖರ್ಚು

ಎರಡು ಕುರ್ಚಿಗೂ ಸೇರಿ, ರೂಪಾಯಿಗಳಲ್ಲಿ:

ಗೂಡ್ಸ್ ಆಟೋ 450
ನವಾರು (ದಂಡ) 180
ಎಲಾಸ್ಟಿಕ್ ಪಟ್ಟಿ 360
ಸೀಟಿನ ಫೋಮ್ 1,300
ಬೆನ್ನಿನ ಫೋಮ್ 360
ಸೀಳಿಸಿದ್ದು 100
ಬಟ್ಟೆ 1,050
ಕೋರಾ 140
ಜಿಪ್, ರನ್ನರ್ 100
ಪೈಪಿಂಗ್ ದಾರ 60
ಹೊಲಿಗೆ ಕೂಲಿ 800
ಅರಗು, ಸ್ಪಿರಿಟ್, ಪಾಲಿಶ್ ಪೇಪರ್, ಸ್ಟೀಲ್ ವುಲ್ 420
ಫೆವಿಕಾಲ್, ಫೋಮ್ ಅಂಟು 230
ಮೊಳೆ, ಹ್ಯಾಕ್ಸಾ ಬ್ಲೇಡ್ 90

ಒಟ್ಟು 5,640. ನವಾರಿಗೆ ಹೋಗದೆ, ಮೊದಲೇ ಮೂರಿಂಚು ತಂದಿದ್ದರೂ ಐದು ಸಾವಿರ ದಾಟುತ್ತಿತ್ತು. ಉಳಿಸಬಹುದಾಗಿದ್ದು ಬಟ್ಟೆಯಲ್ಲಿ ಮಾತ್ರ. ಫೋಮ್, ಪಟ್ಟಿಯಲ್ಲಿ ಉಳಿಸಲು ಹೋಗಬೇಡಿ. ಬಟ್ಟೆ ಬೇಜಾರಾದರೆ ಜಿಪ್ ತೆಗೆದು ಬದಲಾಯಿಸಬಹುದು. ಪಟ್ಟಿ ಬದಲಾಯಿಸಲು ಮತ್ತೆ ಮೊಳೆ ಕೀಳಬೇಕು.

9. ಇನ್ನೂ ಬಾಕಿ

ಎಡಗಡೆ ಕುರ್ಚಿಯಲ್ಲಿ ಹಿಂದಿನಿಂದ ಎರಡನೇ ಪಟ್ಟಿ ಸ್ವಲ್ಪ ಸಡಿಲವಾಗಿದೆ. ಕೂತವರ ಭಾರ ಪೂರ್ತಿ ಬೀಳುವ ಜಾಗ ಅದು. ಒಂದು ಮೊಳೆ ಅಗರಬತ್ತಿ ಕಡ್ಡಿ ತುಂಬಿದ ತೂತಿನ ಮೇಲೇ ಬಿದ್ದಿದೆ ಅಂತ ಅನುಮಾನ. ಪಟ್ಟಿ ಒಂದು ಮೀಟರಿಗಿಂತ ಜಾಸ್ತಿ ಉಳಿದಿದೆ. ಅರ್ಧ ಇಂಚು ಪಕ್ಕಕ್ಕೆ, ಗಟ್ಟಿ ಮರ ನೋಡಿ ಹೊಸದಾಗಿ ಹೊಡೆಯಬೇಕು. ಕಾಲುಗಳ ಅಡಿಗೆ ಫೆಲ್ಟ್ ಬಿಲ್ಲೆಯೂ ಅಂಟಿಸಿಲ್ಲ, ಎಳೆದಾಗ ಟೈಲ್ಸ್ ಮೇಲೆ ಗೆರೆ ಬೀಳುತ್ತಿದೆ. ಎರಡನ್ನೂ ಈ ಭಾನುವಾರ ಮಾಡುತ್ತೇನೆ.